ಕರಂಡೆ ಗಿಡದ ಟಿಪ್ಪಣಿ: ತುಕ್ಕು ಅಂದುಕೊಂಡದ್ದು ತುಕ್ಕಲ್ಲ

ಇದನ್ನು ಮೊದಲು ನನಗಾಗಿಯೇ ಬರೆದಿಡುತ್ತಿದ್ದೇನೆ. ಮುಂದಿನ ಆಟಿ (ತುಳುನಾಡಿನ ಜಡಿಮಳೆಯ ತಿಂಗಳು) ಬರುವಷ್ಟರಲ್ಲಿ ಮರೆತಿರುತ್ತೇನೆ, ಗ್ಯಾರಂಟಿ.

ಕರಂಡೆ ನಿಮಗೆ ಗೊತ್ತಿರುತ್ತದೆ. ಘಟ್ಟದ ಕಡೆಯವರ ಕವಳಿ ಹಣ್ಣು. ಉಡುಪಿ ಸುತ್ತಿನ ಮುರಕಲ್ಲಿನ ಗುಡ್ಡೆಗಳಲ್ಲಿ ಯಾರೂ ನೆಡದೆ ಬೆಳೆಯುವ ಮುಳ್ಳಿನ ಪೊದೆ. ಕಾಯಿ ಕಿತ್ತರೆ ಹಾಲು ಬರುತ್ತದೆ. ಕೈಗೆ ಮೆತ್ತಿಕೊಂಡರೆ ಸೋಪು ಸಾಲದು, ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕು.

ಬೆಳೆಸುವುದು ಸುಲಭ. ಬೀಜದ ವಿಷಯ ಒಂದು ಬಿಟ್ಟು. ಪೂರ್ತಿ ಕಪ್ಪಾದ ಹಣ್ಣಿನ ಬೀಜ ತೊಳೆದು ಕೂಡಲೇ ಹಾಕಬೇಕು, ಇಟ್ಟಷ್ಟೂ ಮೊಳೆಯುವ ಶಕ್ತಿ ಹೋಗುತ್ತದೆ. ನಾನು ಕಾಗದದಲ್ಲಿ ಕಟ್ಟಿ ದೀಪಾವಳಿವರೆಗೆ ಇಟ್ಟೆ. ಒಂದೂ ಹುಟ್ಟಲಿಲ್ಲ. ಹಣ್ಣಾಗುವುದು ಮಳೆ ಶುರುವಾಗುವ ಹೊತ್ತಿಗೇ ಅಲ್ವಾ, ಆಗಲೇ ಹಾಕಿ. ಬೇಲಿಗಾದರೆ ಒಂದೊಂದು ಮೀಟರಿಗೆ ಒಂದು ಗಿಡ. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಸುಮಾರು ಮೂರು ವರ್ಷಕ್ಕೆ ಕಾಯಿ.

ಈಗ ನಾನು ಮುಗ್ಗರಿಸಿದ ಜಾಗ. ಕಳೆದ ಆಟಿಯಲ್ಲಿ ಎಲೆಗಳ ಮೇಲೆ ಕಿತ್ತಳೆ ಬಣ್ಣದ ದುಂಡು ಚುಕ್ಕಿಗಳು ಬಂದವು. ಮುಟ್ಟಿದರೆ ಮಖಮಲ್ಲಿನ ಹಾಗೆ. ಹುಡುಕಿದಾಗ 'ರೆಡ್ ರಸ್ಟ್' ಅಂತ ಹೆಸರು ಸಿಕ್ಕಿತು. ರಸ್ಟ್ ಅಂದರೆ ತುಕ್ಕು, ತುಕ್ಕುರೋಗ ಅಂದರೆ ಶಿಲೀಂಧ್ರ, ಶಿಲೀಂಧ್ರಕ್ಕೆ ಗಂಧಕ. ಲೆಕ್ಕ ಸರಿಯಾಗಿದೆ ಅಂತ ಎರಡು ಸಲ ಗಂಧಕ ಹೊಡೆದೆ. ಚುಕ್ಕಿ ಜಾಸ್ತಿಯೇ ಆಯಿತು.

ಎಡವಿದ್ದು ಹೆಸರಿನಲ್ಲೇ. ಅದು ತುಕ್ಕೂ ಅಲ್ಲ, ಶಿಲೀಂಧ್ರವೂ ಅಲ್ಲ. ಪಾಚಿ! ಸೆಫಲ್ಯೂರಸ್ ಅಂತ. ಹಸಿರು ಪಾಚಿಗಳ ಕುಲದ್ದೇ, ಆದರೆ ಮೈಯಲ್ಲಿ ಕಿತ್ತಳೆ ಬಣ್ಣ ತುಂಬಿಕೊಂಡಿರುತ್ತದೆ. ಮಾವು, ಪೇರಳೆ, ಚಹಾ ಗಿಡಗಳ ಎಲೆಯಲ್ಲೂ ಇದೇ ಬರುತ್ತದೆ. ಬಾವಿಕಟ್ಟೆಗೆ ಪಾಚಿ ಹಿಡಿಯುವ ನಮ್ಮೂರ ಮಳೆಯಲ್ಲಿ ಎಲೆಗೂ ಹಿಡಿದರೆ ಆಶ್ಚರ್ಯ ಏನು?

ಗುರುತು ಹಿಡಿಯಲು ನನ್ನ ಉಪಾಯ: ಒದ್ದೆ ಬಟ್ಟೆ, ಬೆರಳು, ಉಗುರು. ಇದೇ ಕ್ರಮದಲ್ಲಿ. ಕಪ್ಪು ಮಸಿ ಒದ್ದೆ ಬಟ್ಟೆಗೆ ಬಂದು ಕೆಳಗೆ ಹಸಿರು ಎಲೆ ಕಂಡರೆ ಅದು ಬೂದುಗಪ್ಪು ಬೂಷ್ಟು. ಎಲೆಯಡಿ, ಕೊಂಬೆಯಲ್ಲಿ ಹಿಟ್ಟುತಿಗಣೆಯೋ ಶಲ್ಕಕೀಟವೋ ಇರುತ್ತದೆ, ಹಿಂದೆಯೇ ಇರುವೆ ಸಾಲು. ಅವುಗಳ ಅಂಟು ಸಿಹಿಯ ಮೇಲೆ ಬೂಷ್ಟು ಬೆಳೆಯುವುದು. ಮೊದಲು ಕೀಟ ನೋಡಿ. ಬೆರಳಿಗೆ ಅರಿಶಿನದ ಹಾಗೆ ಪುಡಿ ಹತ್ತಿದರೆ, ಅದೂ ಎಲೆಯ ಅಡಿಯಿಂದ, ಆಗ ನಿಜವಾದ ತುಕ್ಕು. ಪುಡಿ ಬಾರದೆ, ಉಗುರಲ್ಲಿ ಕೆರೆದಾಗ ಹಕ್ಕಳೆಯಾಗಿ ಎದ್ದರೆ ಪಾಚಿ. ಕೆರೆಯಲು ಏನೂ ಸಿಗದೆ, ಎಲೆಯೇ ಕಂದಾಗಿ ಒಣಗಿ ತಗ್ಗಾಗಿದ್ದರೆ ಆಂತ್ರಾಕ್ನೋಸ್. ಇದು ಶಿಲೀಂಧ್ರದಿಂದ ಬರುವ ರೋಗ. ಕಾಯಿಯಲ್ಲಿ ಕಪ್ಪು ಗುಳಿ ಬೀಳುತ್ತದೆ, ಕೊಂಬೆ ತುದಿಯಿಂದ ಕೆಳಗೆ ಒಣಗುತ್ತಾ ಬರುತ್ತದೆ. ಒಣಗಿದ್ದನ್ನು ಹಸಿ ಭಾಗದವರೆಗೆ ಕತ್ತರಿಸಿ ಸುಡಬೇಕು.

ಪಾಚಿ, ಆಂತ್ರಾಕ್ನೋಸ್ ಎರಡಕ್ಕೂ ತಾಮ್ರ ಆಗುತ್ತದೆ, ಅಂದರೆ ಅಡಿಕೆ ತೋಟದ ಬೋರ್ಡೋ ಮದ್ದೇ. ಒಂದೆರಡು ಗಿಡಕ್ಕೆ ಒಂದು ಲೀಟರ್ ಸಾಕು. 10 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧದಲ್ಲಿ. ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಿ, ತಿರುಗುಮುರುಗು ಬೇಡ. ಉಜ್ಜಿದ ಕಬ್ಬಿಣದ ಚೂರಿ ಅದ್ದಿ ನೋಡಿ. ಕೆಂಪು ಹಿಡಿದರೆ ಸುಣ್ಣ ಸಾಲದು, ಸ್ವಲ್ಪ ಸೇರಿಸಿ. ಅದೇ ದಿನ, ಮಳೆ ಬಿಡುವು ಕೊಟ್ಟಾಗ ಹೊಡೆದು ಮುಗಿಸಿ. ಕಾಯಿ ಕೊಯ್ದ ಮೇಲೆ ಮಾತ್ರ. ಉಪ್ಪಿನಕಾಯಿಗೆ ತುತ್ತ ಯಾಕೆ?

ನನ್ನ ಗಿಡದ ಅಸಲಿ ತೊಂದರೆ ಮೇಲಿದ್ದ ಹಲಸು. ನೆರಳು, ದಿನವಿಡೀ ತೊಟ್ಟಿಕ್ಕುವ ನೀರು. ಎರಡು ಗೆಲ್ಲು ಕಡಿಸಿದೆ, ಕರಂಡೆಯ ನಡುವಿನ ಗಿಜಿಗಿಜಿಯನ್ನೂ ಬಿಡಿಸಿದೆ, ಅಂಗೈ ತುಂಬ ಮುಳ್ಳು ಚುಚ್ಚಿಸಿಕೊಂಡು. ಹಳೆ ಎಲೆಯ ಚುಕ್ಕಿಗಳು ಹಾಗೇ ಇವೆ, ಅವು ಮಾಯವಾಗುವುದಿಲ್ಲ. ಅವನ್ನು ನೋಡಿ ಮತ್ತೆ ಮತ್ತೆ ಮದ್ದು ಹೊಡೆಯಬೇಡಿ. ಚಿಗುರೆಲೆ ನೋಡಿ. ನನ್ನದರಲ್ಲಿ ಈ ವಾರ ಹದಿನೈದು ಚಿಗುರು ನೋಡಿದೆ, ಎರಡರಲ್ಲಿ ಮಾತ್ರ ಚುಕ್ಕಿ.