ಸೆಕ್ಷನ್ 69ಎ: ಆದೇಶವೇ ಕೈಗೆ ಸಿಗದಿದ್ದರೆ ಪ್ರಶ್ನಿಸುವುದು ಹೇಗೆ?

ಇಂಟರ್ನೆಟ್‌ನಲ್ಲಿರುವ ತಾಣ, ಬರಹಗಳನ್ನು ಜನರಿಗೆ ಸಿಗದಂತೆ ತಡೆಯಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುವುದು ಸೆಕ್ಷನ್ 69ಎ. ಅದನ್ನು ಓದುವ ಮೊದಲು 66ಎ ಜೊತೆಗಿನ ಗೊಂದಲ ಬಿಡಿಸಿಕೊಳ್ಳೋಣ. ಎರಡೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದವು. 66ಎ ಬರೆದವರ ಮೇಲೆ ಬೀಳುತ್ತಿತ್ತು. ಕಿರಿಕಿರಿ ಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು! 2012ರಲ್ಲಿ ಬಾಳಾ ಠಾಕ್ರೆ ನಿಧನದ ನಂತರದ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿ, ಅದಕ್ಕೆ ಲೈಕ್ ಒತ್ತಿದ ಗೆಳತಿ ಇಬ್ಬರನ್ನೂ ಪಾಲ್ಘರ್‌ನಲ್ಲಿ ಪೊಲೀಸರು ಬಂಧಿಸಿದರು. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2015ರ ಮಾರ್ಚ್ 24ರಂದು 66ಎ ರದ್ದಾಯಿತು. ಅದೇ ತೀರ್ಪಿನಲ್ಲಿ 69ಎ ಉಳಿದುಕೊಂಡಿತು.

69ಎ ಬರೆದವರನ್ನು ಹಿಡಿಯುವುದಿಲ್ಲ, ಬರಹವನ್ನೇ ಓದುಗರಿಂದ ಮರೆಮಾಡುತ್ತದೆ. ಅದಕ್ಕೆ ಕಾಯ್ದೆ ಒಪ್ಪುವ ಕಾರಣಗಳು ಕೆಲವೇ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ದೇಶದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಇವುಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ. ಮಾನನಷ್ಟ, ಸಭ್ಯತೆ ಎರಡೂ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಅವಕಾಶ ಕೊಡುವ ಸಂವಿಧಾನದ 19(2)ನೇ ವಿಧಿಯಲ್ಲಿವೆ, 69ಎಯಲ್ಲಿ ಇಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಬೆರೆಸಿಬಿಡಬೇಡಿ. ‘ಅಸಭ್ಯವಾಗಿದೆ’ ಎಂಬ ಒಂದೇ ಕಾರಣಕ್ಕೆ 69ಎ ಬಳಸುವಂತಿಲ್ಲ.

ನ್ಯಾಯಾಲಯ ಇದನ್ನು ಎತ್ತಿಹಿಡಿದದ್ದು ಅದರೊಳಗಿನ ರಕ್ಷಣೆಗಳನ್ನು ನಂಬಿ. ಆದೇಶಕ್ಕೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಸಮಿತಿ ಪರಿಶೀಲಿಸಬೇಕು, ಬರೆದವರು ಯಾರೆಂದು ಗೊತ್ತಾದರೆ ಅವರ ಮಾತು ಕೇಳಬೇಕು. ಕಾರಣ ದಾಖಲಾಗಿದ್ದರೆ 226ನೇ ವಿಧಿಯಡಿ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕಿ ಪ್ರಶ್ನಿಸಬಹುದು. ಓದುವಾಗ ಎಲ್ಲವೂ ಸರಿಯಾಗಿಯೇ ಇದೆ ಅನ್ನಿಸುತ್ತದೆ. ತೊಡಕಿರುವುದು 69ಎ ಜಾರಿಗೆಂದು ಮಾಡಿದ 2009ರ ನಿಯಮಾವಳಿಯ 16ನೇ ನಿಯಮದಲ್ಲಿ: ದೂರು, ಅದರ ಮೇಲಿನ ಕ್ರಮ ಎಲ್ಲವೂ ಕಟ್ಟುನಿಟ್ಟಾಗಿ ಗೋಪ್ಯ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ತಡೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ನೀವು ಬ್ರೌಸರ್‌ನಲ್ಲಿ ವಿಳಾಸ ಒತ್ತಿದಾಗ ಫೋನ್ ಸಾಮಾನ್ಯವಾಗಿ ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸರ್ವರನ್ನು ‘ಈ ತಾಣದ ಐಪಿ ಸಂಖ್ಯೆ ಯಾವುದು’ ಎಂದು ಕೇಳುತ್ತದೆ. ಅಲ್ಲಿಯೇ ತಪ್ಪು ಉತ್ತರ ಕೊಟ್ಟರೆ ದಾರಿ ಮುಚ್ಚಿತು. ಇನ್ನೊಂದು ವಿಧಾನವೂ ಇದೆ. ಗೂಢಲಿಪಿಯ ಸಂಪರ್ಕದಲ್ಲೂ ಮೊದಲ ಸಂದೇಶದಲ್ಲಿ ತಾಣದ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ. ಕಂಪನಿಯ ಉಪಕರಣ ಅದನ್ನು ಓದಿ ಸಂಪರ್ಕ ಕಡಿದುಹಾಕುತ್ತದೆ. ಹಾಗಾಗಿ ಒಂದು ಸಿಮ್‌ನಲ್ಲಿ ತೆರೆಯದ ಪುಟ ಇನ್ನೊಂದರಲ್ಲಿ ತೆರೆಯಬಹುದು. ಎಷ್ಟೋ ಸಲ ‘ಸರ್ಕಾರದ ಆದೇಶದಿಂದ ತಡೆಯಲಾಗಿದೆ’ ಎಂಬ ಸಾಲೂ ಕಾಣುವುದಿಲ್ಲ, ಪುಟ ಸುಮ್ಮನೆ ತೆರೆಯುವುದಿಲ್ಲ. ಓದುಗರು ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ತನ್ನ ಹಕ್ಕಿಗೆ ಅಡ್ಡಿಯಾಗಿದೆ ಎಂಬ ಅರಿವೇ ಇಲ್ಲದವರು ನ್ಯಾಯ ಕೇಳುವುದಾದರೂ ಹೇಗೆ?

ತಾಣದ ಒಡೆಯರ ಪಾಡೂ ಇದೇ. ವರನ ಕೆಲಸ, ಸಂಬಳ ತುಂಬಿದರೆ ‘ಇಷ್ಟು ವರದಕ್ಷಿಣೆ ಬರುತ್ತದೆ’ ಎಂದು ಲೆಕ್ಕ ತೋರಿಸುವ ‘ಡೌರಿ ಕ್ಯಾಲ್ಕುಲೇಟರ್’ ಎಂಬ ತಾಣವಿತ್ತು. ವರದಕ್ಷಿಣೆ ಪಿಡುಗನ್ನು ಅಣಕಿಸಲೆಂದೇ ಒಬ್ಬ ಪತ್ರಕರ್ತ ಅದನ್ನು ಮಾಡಿದ್ದರು. 2018ರಲ್ಲಿ ತಾಣಕ್ಕೆ ತಡೆ ಬಿತ್ತು, ಅವರಿಗೆ ನೋಟಿಸ್ ಬರಲಿಲ್ಲ. ಆದೇಶದ ಪ್ರತಿ ಕೇಳಿದರೆ ಗೋಪ್ಯತೆಯ ನಿಯಮ ಅಡ್ಡಬಂತು. 2022ರ ಮೇನಲ್ಲಿ ದೆಹಲಿ ಹೈಕೋರ್ಟ್, ಆದೇಶದ ಪ್ರತಿ ಕೊಟ್ಟು ಅವರ ವಾದ ಕೇಳಿ ಎಂದು ಹೇಳಬೇಕಾಯಿತು. ಹೈಕೋರ್ಟ್‌ವರೆಗೆ ಹೋಗುವ ಶಕ್ತಿ ಎಷ್ಟು ಜನರಿಗಿದೆ?

ಇಡೀ ಊರಿನ ಇಂಟರ್ನೆಟ್ಟನ್ನೇ ನಿಲ್ಲಿಸುವುದು ಬೇರೆ ಕಾನೂನಿನ ವಿಷಯ, ಆದರೂ ಹೋಲಿಸಿ ನೋಡಬೇಕು. ಜಮ್ಮು-ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ 4ಜಿ ಸೇವೆ ಇಡೀ ಪ್ರದೇಶಕ್ಕೆ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅನುರಾಧಾ ಭಾಸಿನ್ ಪ್ರಕರಣದಲ್ಲಿ (10 ಜನವರಿ 2020) ಸುಪ್ರೀಂ ಕೋರ್ಟ್, ಅನಿರ್ದಿಷ್ಟ ಅವಧಿಯ ಸ್ಥಗಿತ ಸಲ್ಲದು, ಆದೇಶವನ್ನು ಪ್ರಕಟಿಸಲೇಬೇಕು ಎಂದಿತು. ಅಂದರೆ ಇಡೀ ಜಿಲ್ಲೆಯ ಸಂಪರ್ಕ ಕಡಿಯುವ ಆದೇಶ ಬಹಿರಂಗವಾಗಬೇಕು, ಒಂದು ಪುಟ ಮುಚ್ಚುವ ಆದೇಶ ಮಾತ್ರ ಗುಟ್ಟಾಗಿರಬಹುದು! ಈ ವ್ಯತ್ಯಾಸವನ್ನು ಸಮರ್ಥಿಸುವ ಒಳ್ಳೆಯ ವಾದ ನನಗೆ ಇನ್ನೂ ಕಂಡಿಲ್ಲ.

ನಮ್ಮ ಕರ್ನಾಟಕ ಹೈಕೋರ್ಟ್‌ನ ಎರಡು ತೀರ್ಪುಗಳನ್ನು ಬಿಡಬೇಡಿ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 69ಎ ಆದೇಶಗಳ ವಿರುದ್ಧ ಟ್ವಿಟರ್ ಹಾಕಿದ್ದ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಬರಹ ತೆಗೆಯುವಂತೆ ಕಂಪನಿಗಳಿಗೆ ಸರ್ಕಾರ ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನೂ ತಳ್ಳಿಹಾಕಿದರು. 19ನೇ ವಿಧಿ ಭಾರತದ ನಾಗರಿಕರಿಗೆ, ವಿದೇಶಿ ಕಂಪನಿಗಲ್ಲ ಎಂಬುದು ಅಲ್ಲಿನ ಒಂದು ಮುಖ್ಯ ನೆಲೆ. ಮಾತು ಸಂವಿಧಾನಕ್ಕೆ ತಕ್ಕದ್ದೇ. ಆದರೆ 16ನೇ ನಿಯಮದ ಜೊತೆ ಇಟ್ಟು ಓದಿ: ನೋಟಿಸ್ ತಲುಪುವ ಕಂಪನಿಗೆ ಆ ಹಕ್ಕಿಲ್ಲ, ಹಕ್ಕಿರುವ ನಾಗರಿಕನಿಗೆ ನೋಟಿಸ್ ತಲುಪುವುದಿಲ್ಲ. ಬರೆದವರಿಗೇ ನೋಟಿಸ್ ಕೊಡಬೇಕೆಂಬ ಅರ್ಜಿಯ ಮೇಲೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಉತ್ತರ ಕೇಳಿದೆ.