ಬಾಟಲ್ ತೋರಿಸದೇ ಬಿಯರ್ ಮಾರೋ ಜಾಹೀರಾತು

1929ರಲ್ಲಿ ಬ್ರಿಟನ್ನಿನ ಪೇಪರಲ್ಲಿ ಗಿನ್ನಿಸ್ ಅನ್ನೋ ಬಿಯರ್ ಕಂಪನಿ ಜಾಹೀರಾತು ಹಾಕಿದಾಗ ನೇರವಾಗೇ ಹೇಳ್ತು, ಗಿನ್ನಿಸ್ ಕುಡಿದ್ರೆ ಮೈಗೆ ಒಳ್ಳೇದು ಅಂತ. ಇವತ್ತು ಯಾವ ಬಿಯರ್ ಕಂಪನಿನೂ ಹಂಗೆ ಬಾಯಿ ಬಿಡಲ್ಲ. ಆದ್ರೆ ಆ ಮಾತನ್ನ ಯಾರಾದ್ರೂ ಡಾಕ್ಟ್ರು ಎದ್ದು ಸುಳ್ಳು ಅನ್ನಬಹುದಿತ್ತು, ಏನೂ ಹೇಳದ ಜಾಹೀರಾತಿನ ಮೇಲೆ ಏನಂತ ತಕರಾರು ತೆಗೀತೀರಿ? ಬ್ರ್ಯಾಂಡ್ ಕೆಲಸ ಮಾಡೋ ನಂಗೆ ಕಾಣೋ ದೊಡ್ಡ ಬದಲಾವಣೆ ಇದೇ.

ನಮ್ಮಲ್ಲಿ 2000ದಲ್ಲಿ ಕೇಬಲ್ ಟೀವಿ ನಿಯಮ ಬಿಗಿ ಮಾಡಿ ಮದ್ಯದ ಜಾಹೀರಾತು ನೇರವಾಗೂ ಬೇಡ, ಸುತ್ತಿ ಬಳಸಿಯೂ ಬೇಡ ಅಂದ್ರು. ಆಮೇಲೆ ಬಂದಿದ್ದು ಮದ್ಯದ ಬ್ರ್ಯಾಂಡಿನ ಹೆಸರನ್ನೇ ಹೊತ್ತ ನೀರು, ಸೋಡಾ, ಮ್ಯೂಸಿಕ್ ಸೀಡಿಗಳ ಜಾಹೀರಾತು. ಇದನ್ನ ನಾವು ಸರೊಗೇಟ್, ಅಂದ್ರೆ ಬದಲಿ ಜಾಹೀರಾತು ಅಂತೀವಿ, ಕ್ಲೈಂಟ್ ಕಡೆಯವ್ರು ಬ್ರ್ಯಾಂಡ್ ಎಕ್ಸ್‌ಟೆನ್ಶನ್, ಅಂದ್ರೆ ಅದೇ ಬ್ರ್ಯಾಂಡಿನ ಇನ್ನೊಂದು ಪ್ರಾಡಕ್ಟು ಅಂತಾರೆ.

ಬೆಂಗಳೂರಿನ ಕಿಂಗ್‌ಫಿಶರ್‌ನೇ ತಗೊಳ್ಳಿ, 2003ರಲ್ಲಿ ಕ್ಯಾಲೆಂಡರ್ ಬಂತು, 2005ರಲ್ಲಿ ಅದೇ ಹೆಸರು ಅದೇ ಹಕ್ಕಿ ಹೊತ್ಕೊಂಡು ವಿಮಾನ ಹಾರ್ತು, ಟೀವೀಲಿ ನೀರಿನ ಹೆಸರಲ್ಲಿ ಆ ಟ್ಯೂನ್ ಬಂದ್ರೆ ಮನೆ ಮಕ್ಕಳೂ ಗುನುಗ್ತಿದ್ರು. 2012ರಲ್ಲಿ ಏರ್‌ಲೈನ್ಸ್ ನಿಂತೋಯ್ತು, ನೌಕರರು ಸಂಬಳ ಸಿಗದೆ ಒದ್ದಾಡಿದ್ರು, ಬಿಯರ್ ಮಾತ್ರ ಮಾರ್ಕೆಟ್ಟಲ್ಲಿ ಗಟ್ಟಿಯಾಗೇ ಉಳೀತು.

ಇದು ಕೆಲಸ ಮಾಡೋದು ಹೆಂಗೆ ಅಂದ್ರೆ, ಜಾಹೀರಾತಲ್ಲಿ ನೊರೆ ಇಲ್ಲ, ರುಚಿ ಮಾತಿಲ್ಲ, ಬರೀ ಬಣ್ಣ, ಲೋಗೋ, ಟ್ಯೂನು, ನಗ್ತಿರೋ ಫ್ರೆಂಡ್ಸ್ ಗುಂಪು. ವೈನ್ ಶಾಪ್ ಮುಂದೆ ನಿಂತಾಗ ಅದೇ ಬಣ್ಣ ಕಂಡ್ರೆ ಉಳಿದಿದ್ದನ್ನ ತಲೆನೇ ಜೋಡಿಸ್ಕೊಳ್ಳುತ್ತೆ. ಕುಡಿಯೋ ವಯಸ್ಸೇ ಬರದ ಹುಡುಗನ ತಲೇಲೂ ಇದು ಕೂತಿರುತ್ತೆ, ನನ್ನ ಸಂಕಟ ಇರೋದು ಅಲ್ಲೇ.

ನಿಯಮ ಇಲ್ಲ ಅಂತಲ್ಲ. ಎಕ್ಸ್‌ಟೆನ್ಶನ್ ಅನ್ನೋ ಪ್ರಾಡಕ್ಟು ನಿಜವಾಗ್ಲೂ ಅಂಗಡೀಲಿ ಮಾರಾಟ ಆಗ್ತಿರಬೇಕು, ಬರೀ ನೆಪಕ್ಕೆ ಇರಬಾರ್ದು ಅಂತ ಜಾಹೀರಾತು ಮಂಡಳಿ ಆಸ್ಕಿ ಹೇಳುತ್ತೆ. 2022ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಸರೊಗೇಟ್ ಜಾಹೀರಾತನ್ನೇ ನಿಷೇಧಿಸ್ತು. ಆದ್ರೆ ಈಗ ಆಲ್ಕೋಹಾಲ್ ಇಲ್ಲದ ಝೀರೋ ಬಿಯರ್ ಬಂದಿದೆ, ಅದು ನಿಜವಾದ ಪ್ರಾಡಕ್ಟೇ, ಜನ ಕೊಂಡು ಕುಡೀತಾರೆ, ಜೊತೆಗೆ ಹೆಸರು ಲೋಗೋ ಎರಡೂ ಅಸಲಿ ಬಿಯರ್‌ದೇ. ಪ್ರಾಡಕ್ಟ್ ಉಂಟಾ ಇಲ್ವಾ ಅಂತ ಮಾತ್ರ ನೋಡಿದ್ರೆ ಇದು ಆರಾಮಾಗಿ ಪಾಸಾಗುತ್ತೆ. ಹೆಸರು, ಲೋಗೋ ಮದ್ಯದ್ದೇ ಆಗಿದ್ರೆ ಒಳಗೆ ಏನೇ ತುಂಬಿರ್ಲಿ, ಮಕ್ಕಳು ಮ್ಯಾಚ್ ನೋಡೋ ಹೊತ್ತಲ್ಲಿ ಆ ಜಾಹೀರಾತು ಹಾಕಬಾರ್ದು ಅಂತ ನಿಯಮ ಬರ್ಬೇಕು.