ಯುಸಿಎಲ್‌ಎ ಹುಟ್ಟಿದ್ದು 1882ರಲ್ಲೋ, 1919ರಲ್ಲೋ?

ಪ್ರಶ್ನೆ: ನನ್ನ ಮಗಳು ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ (ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಲಾಸ್ ಏಂಜಲೀಸ್) ಎಂ.ಎಸ್. ಓದುತ್ತಿದ್ದಾಳೆ. ಆ ವಿಶ್ವವಿದ್ಯಾಲಯ 2019ರಲ್ಲಿ ನೂರು ವರ್ಷದ ಹಬ್ಬ ಮಾಡಿಕೊಂಡಿತು. ಆದರೆ ಅದರ ಕ್ಯಾಂಪಸ್ಸಿನೊಳಗೇ ಇರುವ ಚಿಕ್ಕ ಮಕ್ಕಳ ಶಾಲೆ 1882ರದ್ದಂತೆ. ತಾಯಿಗಿಂತ ಮಗುವಿಗೇ ವಯಸ್ಸು ಜಾಸ್ತಿ ಆಗೋದು ಹೇಗೆ? ಮೊದಲು ಅದು 'ನಾರ್ಮಲ್ ಸ್ಕೂಲ್' ಆಗಿತ್ತು ಅಂತಾರೆ. ಹಾಗಂದ್ರೇನು?

ಉತ್ತರ: ಅವರು ತಾಯಿ ಮಗು ಅಲ್ಲ, ಅದೇ ವಿಷಯ. ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಆ ತಾಯಿ ಒಂದು ಸರ್ಕಾರಿ ಟೀಚರ್ ಟ್ರೈನಿಂಗ್ ಕಾಲೇಜು. ಶಾಲೆ ತನ್ನ ವಯಸ್ಸನ್ನು ಆ ತಾಯಿಯ ಕಾಲದಿಂದ ಎಣಿಸುತ್ತದೆ. ವಿಶ್ವವಿದ್ಯಾಲಯ ಮಾತ್ರ ಬೋರ್ಡು ಬದಲಾದ ವರ್ಷದಿಂದ ಎಣಿಸುತ್ತದೆ.

ಮೊದಲು 'ನಾರ್ಮಲ್' ವಿಷಯ ಮುಗಿಸೋಣ. ಈ ಹೆಸರು ಕೇಳಿ ನಗುವವರು ಬಹಳ. ಹಾಗಾದರೆ ಉಳಿದ ಶಾಲೆಗಳೆಲ್ಲ ಅಬ್‌ನಾರ್ಮಲ್ಲಾ ಅಂತ. ಪದ ಬಂದದ್ದು ಫ್ರೆಂಚಿನ 'ಎಕೋಲ್ ನೊರ್ಮಾಲ್' ಎಂಬುದರಿಂದ. ಅಲ್ಲಿ ನಾರ್ಮ್ ಅಂದರೆ ಕಟ್ಟಳೆ, ಮಾದರಿ. ಪಾಠ ಹೀಗೆ ಮಾಡಬೇಕು ಎಂಬ ಮಾದರಿಯನ್ನು ತೋರಿಸಿಕೊಡುವ ಶಾಲೆ ನಾರ್ಮಲ್ ಸ್ಕೂಲ್. ಅಮೆರಿಕದಲ್ಲಿ ಸರ್ಕಾರದ ಮೊದಲ ನಾರ್ಮಲ್ ಸ್ಕೂಲು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ 1839ರ ಜುಲೈನಲ್ಲಿ ತೆರೆಯಿತು. ಮೊದಲ ದಿನ ಬಂದ ವಿದ್ಯಾರ್ಥಿನಿಯರು ಮೂವರೇ. ಇಲಿನಾಯ್ ರಾಜ್ಯದಲ್ಲಂತೂ ಇಂಥ ಶಾಲೆಯಿಂದಾಗಿ ಒಂದು ಊರಿಗೇ 'ನಾರ್ಮಲ್' ಎಂಬ ಹೆಸರು ಬಿದ್ದಿದೆ, ಇಂದಿಗೂ ಅದೇ ಹೆಸರು. ನಮಗೂ ಈ ಪದ ಹೊಸದೇನಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದಲ್ಲಿ ನಡೆಸಿದ್ದು ನಾರ್ಮಲ್ ಸ್ಕೂಲನ್ನೇ. ಆಮೇಲೆ ನಾವು ಅದನ್ನು ಟ್ರೇನಿಂಗ್ ಕಾಲೇಜು ಅಂದೆವು, ಟಿಸಿಎಚ್ ಅಂದೆವು, ಡಿ.ಇಡಿ. ಅಂದೆವು. ಕೆಲಸ ಅದೇ.

ಇನ್ನು ಕ್ಯಾಲಿಫೋರ್ನಿಯಾಕ್ಕೆ ಬರೋಣ. ಅಲ್ಲಿನ ಮೊದಲ ನಾರ್ಮಲ್ ಸ್ಕೂಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1857ರಲ್ಲಿ ಸಂಜೆ ಶಾಲೆಯಾಗಿ ಶುರುವಾಯಿತು. ಊರಿನ ಮೇಷ್ಟ್ರುಗಳಿಗೆ ಪಾಠ ಹೇಳುವ ಶಾಲೆ ಅದು. 1862ರಲ್ಲಿ ರಾಜ್ಯ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು, 1871ರಲ್ಲಿ ಅದು ಸ್ಯಾನ್ ಹೋಸೆಗೆ ಹೋಯಿತು. ರಾಜ್ಯದ ದಕ್ಷಿಣ ಭಾಗದವರಿಗೆ ಅಲ್ಲಿಗೆ ಹೋಗಿ ಓದುವುದು ದೂರದ ಮಾತು. ರೆಜಿನಾಲ್ಡೋ ಡೆಲ್ ವಾಯೆ ಎಂಬ ಶಾಸಕ ನಮ್ಮ ಕಡೆಗೂ ಒಂದು ಬೇಕು ಎಂದು ಕೇಳಿದರು. 1881ರ ಮಾರ್ಚ್‌ನಲ್ಲಿ ಶಾಸನಸಭೆ ಒಪ್ಪಿತು.

ಆಗಿನ ಲಾಸ್ ಏಂಜಲೀಸ್ ಹೇಗಿತ್ತು ಗೊತ್ತಾ? 1880ರ ಜನಗಣತಿಯಲ್ಲಿ ಅಲ್ಲಿ ಇದ್ದವರು 11 ಸಾವಿರ ಚಿಲ್ಲರೆ ಜನ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ. ಊರಿನವರು ಚಂದಾ ಎತ್ತಿ ಒಂದು ಕಿತ್ತಳೆ ತೋಟ ಕೊಂಡು ಜಾಗ ಕೊಟ್ಟರು. 1882ರ ಆಗಸ್ಟ್ 29ರಂದು ಸ್ಯಾನ್ ಹೋಸೆ ಶಾಲೆಯ ಶಾಖೆಯಾಗಿ ಇದು ಶುರು. ಆ ಜಾಗದಲ್ಲಿ ಈಗ ನಗರದ ಸೆಂಟ್ರಲ್ ಲೈಬ್ರರಿ ಇದೆ. ಪೂರಾ ಡೌನ್‌ಟೌನ್, ಸುತ್ತ ಮುಗಿಲು ಮುಟ್ಟುವ ಕಟ್ಟಡಗಳು. ಕಿತ್ತಳೆ ಗಿಡ ಹುಡುಕಿದರೂ ಸಿಗುವುದಿಲ್ಲ.

ಮೊದಲ ದಿನದಿಂದಲೇ ಆ ಕಾಲೇಜಿನಲ್ಲಿ ಒಂದು ಪ್ರಾಥಮಿಕ ಶಾಲೆಯೂ ಇತ್ತು. ನಿಮ್ಮ ಪ್ರಶ್ನೆಯ ಶಾಲೆ ಇದೇ. ಯಾಕೆ ಬೇಕಿತ್ತು ಅನ್ನುವುದು ಟಿಸಿಎಚ್ ಮಾಡಿದವರ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ನಮ್ಮಕ್ಕ ಟಿಸಿಎಚ್ ಓದುವಾಗ ರಾತ್ರಿ ಹನ್ನೊಂದರವರೆಗೆ ಚಾರ್ಟ್ ಬರೆಯುತ್ತಿದ್ದಳು. ಬಾಳೆಹಣ್ಣಿಗೆ ಹಳದಿ ಬಣ್ಣ ತುಂಬುವ ಕೆಲಸ ನನ್ನದು. ಬೆಳಿಗ್ಗೆ ಆ ಚಾರ್ಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಪಕ್ಕದ ಸರ್ಕಾರಿ ಶಾಲೆಗೆ ಓಡುತ್ತಿದ್ದಳು. ಮುಂದೆ ಮೂರನೇ ಕ್ಲಾಸಿನ ಮಕ್ಕಳು, ಕೊನೆ ಬೆಂಚಿನಲ್ಲಿ ಕೆಂಪು ಪೆನ್ನು ಹಿಡಿದ ಮೇಡಂ. ಮಕ್ಕಳಿಗಿಂತ ಆ ಪೆನ್ನಿನ ಭಯವೇ ಜಾಸ್ತಿ ಅನ್ನುತ್ತಿದ್ದಳು. ಪಾಠ ಹೇಳುವುದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ, ಎದುರಿಗೆ ನಿಜವಾದ ಮಕ್ಕಳು ಬೇಕು. ಲಾಸ್ ಏಂಜಲೀಸ್‌ನವರು ಆ ಮಕ್ಕಳನ್ನು ಹೊರಗೆ ಹುಡುಕಲಿಲ್ಲ, ತಮ್ಮ ಅಂಗಳದಲ್ಲೇ ಶಾಲೆ ತೆರೆದರು. ಅಷ್ಟೇ ವ್ಯತ್ಯಾಸ.

1887ರಲ್ಲಿ ಈ ಶಾಖೆ ಸ್ವತಂತ್ರವಾಯಿತು, ಲಾಸ್ ಏಂಜಲೀಸ್ ಸ್ಟೇಟ್ ನಾರ್ಮಲ್ ಸ್ಕೂಲ್ ಎಂಬ ಹೆಸರು ಪಡೆಯಿತು. ಊರು ಬೆಳೆದ ಹಾಗೆ ಜಾಗ ಸಾಲದೆ ಬಂತು. 1914ರಲ್ಲಿ ಈಸ್ಟ್ ಹಾಲಿವುಡ್‌ನ ವರ್ಮಾಂಟ್ ಅವೆನ್ಯೂಗೆ ಹೋದರು.

ಕಥೆ ರುಚಿ ಹತ್ತುವುದು 1917ರಿಂದ. ಆ ವರ್ಷ ಅರ್ನೆಸ್ಟ್ ಕ್ಯಾರಲ್ ಮೂರ್ ಶಾಲೆಯ ಮುಖ್ಯಸ್ಥರಾಗಿ ಬಂದರು. ಹಿಂದೆ ಇದೇ ಊರಿನ ಶಾಲೆಗಳ ಸೂಪರಿಂಟೆಂಡೆಂಟ್ ಆಗಿದ್ದವರು, ಆಮೇಲೆ ಯೇಲ್, ಹಾರ್ವರ್ಡ್‌ಗಳಲ್ಲಿ ಪ್ರೊಫೆಸರ್ ಆಗಿದ್ದವರು. ಇನ್ನೊಬ್ಬರು ಎಡ್ವರ್ಡ್ ಡಿಕ್ಸನ್, ಪತ್ರಿಕೆಯವರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಆಗ ದಕ್ಷಿಣದ ಕಡೆಯಿಂದ ಇದ್ದದ್ದು ಇವರೊಬ್ಬರೇ. ಇಬ್ಬರೂ ಸೇರಿ ಯೋಚಿಸಿದ್ದು ಇಷ್ಟು: ಹೊಸ ವಿಶ್ವವಿದ್ಯಾಲಯ ಕಟ್ಟಿಕೊಡಿ ಎಂದರೆ ಯಾರೂ ದುಡ್ಡು ಕೊಡುವುದಿಲ್ಲ, ಇರುವ ನಾರ್ಮಲ್ ಸ್ಕೂಲನ್ನೇ ಉತ್ತರದ ಬರ್ಕ್ಲಿ ಊರಿನಲ್ಲಿರುವ ಆ ವಿಶ್ವವಿದ್ಯಾಲಯದ ಎರಡನೇ ಕ್ಯಾಂಪಸ್ ಮಾಡಿಬಿಡಿ ಎಂದು ಕೇಳೋಣ. ಜಾಗ ಇದೆ, ಕಟ್ಟಡ ಇದೆ, ಮೇಷ್ಟ್ರು ಇದ್ದಾರೆ, ವಿದ್ಯಾರ್ಥಿಗಳು ಇದ್ದಾರೆ. ಇನ್ನೇನು ಬೇಕು?

ಬರ್ಕ್ಲಿಯವರು ಸುಮ್ನೆ ಬಿಡುತ್ತಾರಾ? ಅಲ್ಲಿನ ಹಳೆ ವಿದ್ಯಾರ್ಥಿಗಳು, ಉತ್ತರ ಭಾಗದ ಶಾಸಕರು, ವಿಶ್ವವಿದ್ಯಾಲಯದ ಅಧ್ಯಕ್ಷ ಬೆಂಜಮಿನ್ ವೀಲರ್ ಎಲ್ಲರೂ ವಿರೋಧಿಸಿದರು. ಆದರೆ ಕಾಲ ದಕ್ಷಿಣದ ಪರವಾಗಿತ್ತು. 11 ಸಾವಿರ ಜನರ ಊರು 1920ರ ಹೊತ್ತಿಗೆ ಐದೂಮುಕ್ಕಾಲು ಲಕ್ಷ ದಾಟಿ, ಸ್ಯಾನ್ ಫ್ರಾನ್ಸಿಸ್ಕೋವನ್ನೂ ಹಿಂದೆ ಹಾಕಿತ್ತು. ಇಷ್ಟು ಜನರಿಗೆ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇಲ್ಲ ಎಂದು ಎಷ್ಟು ದಿನ ಹೇಳಲು ಆಗುತ್ತದೆ? 1919ರ ಮೇ 23ರಂದು ಗವರ್ನರ್ ವಿಲಿಯಂ ಸ್ಟೀಫನ್ಸ್ ಮಸೂದೆಗೆ ಸಹಿ ಹಾಕಿದರು. ನಾರ್ಮಲ್ ಸ್ಕೂಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 'ಸದರ್ನ್ ಬ್ರಾಂಚ್' ಆಯಿತು. ನೂರು ವರ್ಷದ ಲೆಕ್ಕ ಶುರುವಾಗುವುದು ಇಲ್ಲಿಂದ.

ಆ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆದಾಗ ಒಳಗೆ ಯಾರಿದ್ದರು ನೋಡಿ. ಸಾಮಾನ್ಯ ಪದವಿ ಓದಲು ಬಂದವರು 250 ಮಂದಿ, ಅದೂ ಎರಡು ವರ್ಷದ ಕೋರ್ಸು ಮಾತ್ರ. ಟೀಚರ್ಸ್ ಕಾಲೇಜಿನಲ್ಲಿ ಇದ್ದವರು 1,250. ಆರು ಜನರಲ್ಲಿ ಐವರು ಮೇಷ್ಟ್ರಾಗಲು ಬಂದವರು. ಮುಖ್ಯಸ್ಥರು ಅದೇ ಮೂರ್, ಕಟ್ಟಡಗಳೂ ಅವೇ. ಪಕ್ಕದ ಖಾಸಗಿ ವಿಶ್ವವಿದ್ಯಾಲಯವಾದ ಯುಎಸ್‌ಸಿಯ ಹುಡುಗರು ಇದನ್ನು 'ಟ್ವಿಗ್' ಎಂದು ಛೇಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಬ್ರಾಂಚ್ ಅಂದರೆ ಕೊಂಬೆಯೂ ಹೌದಲ್ವಾ, ಇದೆಲ್ಲಿಯ ಕೊಂಬೆ, ಬರೀ ಕಡ್ಡಿ ಅಂತ.

ಆಮೇಲಿನದು ಒಂದೊಂದೇ ಮೆಟ್ಟಿಲು. 1923ರ ಡಿಸೆಂಬರ್‌ನಲ್ಲಿ ನಾಲ್ಕನೇ ವರ್ಷದ ಪಾಠಕ್ಕೆ ಒಪ್ಪಿಗೆ ಸಿಕ್ಕಿತು. 1927ರಲ್ಲಿ ಈಗಿನ ಹೆಸರು ಬಂತು. 1929ರಲ್ಲಿ ವೆಸ್ಟ್‌ವುಡ್‌ನ ಹೊಸ ಕ್ಯಾಂಪಸ್‌ನಲ್ಲಿ 5,500 ವಿದ್ಯಾರ್ಥಿಗಳೊಂದಿಗೆ ತರಗತಿ ಶುರುವಾಯಿತು. ಪಿಎಚ್‌.ಡಿ. ಕೊಡುವ ಅಧಿಕಾರ ಪಡೆಯಲು ಇನ್ನೂ ಹಲವು ವರ್ಷ ಗುದ್ದಾಡಬೇಕಾಯಿತು. ಟೀಚರ್ಸ್ ಕಾಲೇಜ್ ಎಂಬ ಹೆಸರು ನಡುವೆ ಎಲ್ಲೋ ಮರೆಯಾಯಿತು. ಅದರ ಕೆಲಸ ಶಿಕ್ಷಣ ವಿಭಾಗದ ಪಾಲಿಗೆ ಬಂತು.

ಉಳಿದ ನಾರ್ಮಲ್ ಸ್ಕೂಲುಗಳು ಏನಾದವು? ಸ್ಯಾನ್ ಡಿಯೇಗೋ, ಚೀಕೋ, ಸ್ಯಾನ್ ಹೋಸೆ ಎಲ್ಲವೂ 1921ರಲ್ಲಿ 'ಸ್ಟೇಟ್ ಟೀಚರ್ಸ್ ಕಾಲೇಜ್' ಆದವು, 1935ರಲ್ಲಿ ಸ್ಟೇಟ್ ಕಾಲೇಜ್, ಕೊನೆಗೆ ಸ್ಟೇಟ್ ಯುನಿವರ್ಸಿಟಿ. ಅವು ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ ಎಂಬ ಬೇರೆಯದೇ ವ್ಯವಸ್ಥೆಯಲ್ಲಿವೆ. ಎರಡು ವರ್ಷ ತಡವಾಗಿದ್ದರೆ ಲಾಸ್ ಏಂಜಲೀಸ್‌ನದೂ ಬಹುಶಃ ಅದೇ ಸಾಲಿನಲ್ಲಿ ನಿಲ್ಲುತ್ತಿತ್ತು. ಮೂರ್ ಮತ್ತು ಡಿಕ್ಸನ್ ಆತುರಪಟ್ಟಿದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ಈಗ ವಯಸ್ಸಿನ ವಿಷಯ. ಸ್ಯಾನ್ ಹೋಸೆ ಸ್ಟೇಟ್ ತನ್ನ ಹುಟ್ಟನ್ನು 1857 ಎಂದೇ ಬರೆದುಕೊಳ್ಳುತ್ತದೆ, ಆ ಸಂಜೆ ಶಾಲೆಯಿಂದಲೇ ಲೆಕ್ಕ. ಅದರ ಶಾಖೆಯಾಗಿ ಹುಟ್ಟಿದ ಯುಸಿಎಲ್‌ಎ ಮಾತ್ರ 1919 ಅನ್ನುತ್ತದೆ. ಕಾನೂನಿನ ಪ್ರಕಾರ ಎರಡನೆಯದು ತಪ್ಪಲ್ಲ. ವಿಶ್ವವಿದ್ಯಾಲಯ ಆಗಿದ್ದು 1919ರಲ್ಲೇ. ಆದರೆ ನನ್ನನ್ನು ಕೇಳಿದರೆ 1882 ಅನ್ನುತ್ತೇನೆ. 1,500 ಜನರಲ್ಲಿ 1,250 ಜನ ಮೇಷ್ಟ್ರಾಗಲು ಬಂದಿದ್ದ ಜಾಗವನ್ನು ಅದೇ ವರ್ಷ ಹುಟ್ಟಿದ ಹೊಸ ಸಂಸ್ಥೆ ಅನ್ನುವುದು ಹೇಗೆ? ಮೇಷ್ಟ್ರ ಮಗ ಎಂದು ಹೇಳಿಕೊಳ್ಳಲು ಸ್ವಲ್ಪ ಸಂಕೋಚ ಇತ್ತೇನೋ ಎಂಬ ಗುಮಾನಿ ನನ್ನದು.

ಆ ಮಕ್ಕಳ ಶಾಲೆಗೆ ಅಂಥ ಸಂಕೋಚ ಇಲ್ಲ. ಈಗ ಅದರ ಹೆಸರು ಯುಸಿಎಲ್‌ಎ ಲ್ಯಾಬ್ ಸ್ಕೂಲ್. ಅಲ್ಲಿ ಕಲಿಸುತ್ತಲೇ ಕಲಿಸುವ ಹೊಸ ವಿಧಾನಗಳನ್ನೂ ಪರೀಕ್ಷೆ ಮಾಡುತ್ತಾರೆ.

ನಿಮ್ಮ ಮಗಳಿಗೆ ಬಿಡುವು ಸಿಕ್ಕಾಗ ಮೆಟ್ರೋ ಹತ್ತಿ ವರ್ಮಾಂಟ್–ಸಾಂತಾ ಮೋನಿಕಾ ನಿಲ್ದಾಣದಲ್ಲಿ ಇಳಿಯಲು ಹೇಳಿ. 1914ರ ಹಳೆ ಕ್ಯಾಂಪಸ್ ಜಾಗದಲ್ಲಿ ಈಗ ಲಾಸ್ ಏಂಜಲೀಸ್ ಸಿಟಿ ಕಾಲೇಜ್ ಇದೆ. ಹತ್ತಿರದಲ್ಲೇ ಒಂದು ರಸ್ತೆ ಇದೆ, ಹೆಸರು ನಾರ್ಮಲ್ ಅವೆನ್ಯೂ. ಬೋರ್ಡಿನ ಪಕ್ಕ ನಿಂತು ಒಂದು ಫೋಟೋ ತೆಗೆದು ಕಳಿಸಲಿ.